ಓಸಿ ಬಿಟ್ಟವರ ಚರಿತ್ರೆ

ಧಾರವಾಡ, ಗದಗ, ವಿಜಯಪುರ ಕಡೆಯವರಿಗೆ ‘ಓಸಿ’ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಓಸಿ ಬರೆಯುತ್ತಿದ್ದ ಇಬ್ಬರ ಬಂಧನ, ನಗದು ವಶ’ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ನೋಡುತ್ತಲೇ ನಾವೆಲ್ಲ ಬೆಳೆದವರು. ಪೊಲೀಸರ ಕಾಗದದಲ್ಲಿ ಅದಕ್ಕೆ ‘ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 78(3)’ ಎಂಬ ಗಂಭೀರ ಹೆಸರು. ಊರಲ್ಲಿ ಮಾತ್ರ ಸರಳವಾಗಿ ಓಸಿ.

ಆದರೆ ಈ ಎರಡಕ್ಷರ ಹುಟ್ಟಿದ್ದು ನಮ್ಮ ಕಡೆ ಅಲ್ಲ. ‘ಓ’ ಅಂದರೆ ಓಪನ್, ‘ಸಿ’ ಅಂದರೆ ಕ್ಲೋಸ್. ನಾನು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಅನ್ನ ತಿನ್ನುತ್ತಿರುವ ಈ ಮುಂಬಯಿಯಲ್ಲಿ ಹುಟ್ಟಿ, ರೈಲು ಹತ್ತಿ ಹುಬ್ಬಳ್ಳಿ, ಸೊಲ್ಲಾಪುರ, ಕಲಬುರಗಿಗಳಿಗೆ ಹೋದ ಮಾಲು ಅದು. ಊರಿನಿಂದ ನಾವು ಇಲ್ಲಿಗೆ ಬಂದೆವು, ಇಲ್ಲಿಂದ ಓಸಿ ಊರಿಗೆ ಹೋಯಿತು. ಲೆಕ್ಕ ಸರಿಹೋಯಿತು ಅನ್ನಬೇಕೋ ಏನೋ!

ಮಟ್ಕಾ ದೊರೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಸಿನಿಮಾಗಳೂ ಬಂದಿವೆ. ಆಡಿ ಹಾಳಾದವರ ಕಥೆಯನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಬಿಡಲು ಹೆಣಗಿದವರ ಚರಿತ್ರೆಯನ್ನು ಯಾರೂ ಬರೆದಂತೆ ಕಾಣೆ. ಆಡುವವನು ಒಂದಲ್ಲ ಒಂದು ದಿನ ‘ಇವತ್ತಿಗೆ ಸಾಕು’ ಅಂದುಕೊಂಡೇ ಇರುತ್ತಾನೆ. ಆ ‘ಸಾಕು’ ಕೆಲವರಿಗೆ ಹೇಗೆ ನಿಂತಿತು, ಹಲವರಿಗೆ ಯಾಕೆ ನಿಲ್ಲಲಿಲ್ಲ? ಬ್ಯಾಂಕಿನ ಕೌಂಟರಿನ ಈಚೆ ಕೂತು ದುಡ್ಡು ಬರುವುದನ್ನೂ ಹೋಗುವುದನ್ನೂ ನೋಡಿದವನಾದ್ದರಿಂದ ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡಿದೆ.

ಬಿಡುವ ಆಸೆಯೂ ಆಟದಷ್ಟೇ ಹಳೆಯದು

ಋಗ್ವೇದದ ಹತ್ತನೆಯ ಮಂಡಲದಲ್ಲಿ 34ನೆಯದು ಅಕ್ಷಸೂಕ್ತ. ದೇವರ ಸ್ತುತಿಗಳ ನಡುವೆ ಇದೊಂದು ಜೂಜುಕೋರನ ಗೋಳು. ಹೆಂಡತಿ ದೂರವಾಗಿದ್ದಾಳೆ, ಅತ್ತೆಗೆ ಮುಖ ಕಂಡರಾಗದು. ಸಾಲಗಾರರು ಬಂದರೆ ಹೆತ್ತವರು, ಒಡಹುಟ್ಟಿದವರೇ ‘ಇವನು ಯಾರೋ ನಮಗೆ ಗೊತ್ತಿಲ್ಲ, ಕಟ್ಟಿ ಒಯ್ಯಿರಿ’ ಅನ್ನುತ್ತಾರೆ. ಇನ್ನು ಆ ಗೆಳೆಯರ ಜೊತೆ ಹೋಗುವುದಿಲ್ಲ ಎಂದು ಅವನು ನಿಶ್ಚಯವನ್ನೂ ಮಾಡುತ್ತಾನೆ. ಆದರೆ ದಾಳ ಉರುಳುವ ಸದ್ದು ಕಿವಿಗೆ ಬಿದ್ದದ್ದೇ ಕಾಲು ತಾನಾಗಿ ಅತ್ತ ನಡೆಯುತ್ತದೆ. ಮೂರು ಸಾವಿರ ವರ್ಷದ ಹಿಂದಿನ ಮಾತು ಇದು! ಇವತ್ತು ಮನೋವೈದ್ಯರು ದೊಡ್ಡ ಪುಸ್ತಕಗಳಲ್ಲಿ ಬರೆದಿರುವುದರ ತಿರುಳು ಇಷ್ಟೇ: ಮನಸ್ಸು ‘ಬೇಡ’ ಅಂದರೂ ಸದ್ದು, ಜಾಗ, ಗೆಳೆಯರು ಎಳೆಯುತ್ತಾರೆ. ಸೂಕ್ತ ಕೊನೆಗೆ ಹೇಳುವುದೂ ವ್ಯಾವಹಾರಿಕವಾದದ್ದು: ದಾಳ ಬಿಡು, ಹೊಲ ಉಳು.

ಧರ್ಮರಾಯನ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಅದರಲ್ಲಿ ಬ್ಯಾಂಕಿನವರು ಗಮನಿಸಬೇಕಾದ ಸಂಗತಿಯೊಂದಿದೆ. ಅವನು ಸೋತದ್ದು ಒಂದು ಸಲವಲ್ಲ, ಎರಡು ಸಲ. ಮೊದಲ ಸೋಲಿನ ನಂತರ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು ಎಲ್ಲವನ್ನೂ ಮರಳಿಸಿದ. ಸಾಲಮನ್ನಾ! ಇಂದ್ರಪ್ರಸ್ಥಕ್ಕೆ ಹೊರಟವನು ದಾರಿಯಿಂದಲೇ ಹಿಂದಿರುಗಿ ಬಂದು ಮತ್ತೆ ಕೂತ, ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಪಡೆದ. ಆಟ ನಿಲ್ಲದೆ ಸಾಲ ಮಾತ್ರ ತೀರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದಕ್ಕೆ ಎದುರಾಗಿ ದಮಯಂತಿಯನ್ನು ನೋಡಿ. ನಳ ಎದ್ದು ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಅವಳು ಸಾರಥಿ ವಾರ್ಷ್ಣೇಯನನ್ನು ಕರೆದು ಮಕ್ಕಳಿಬ್ಬರನ್ನೂ ತವರಿಗೆ, ವಿದರ್ಭಕ್ಕೆ ಕಳಿಸಿಬಿಟ್ಟಳು. ಗಂಡನನ್ನು ತಡೆಯಲು ಆಗದಿದ್ದರೂ ಉಳಿಸಬೇಕಾದ್ದನ್ನು ಉಳಿಸಿಕೊಂಡಳು.

ಕೌಟಿಲ್ಯನಿಗೆ ಈ ಭಾವನೆಗಳ ಗೊಡವೆ ಇಲ್ಲ. ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಆಟವನ್ನು ಒಂದೇ ಕಡೆ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದು ಬೊಕ್ಕಸಕ್ಕೆ ಎಳೆದುಕೊಳ್ಳಲು ಹೇಳುತ್ತಾನೆ. ನಿಷೇಧಿಸಬೇಕೋ, ತೆರಿಗೆ ಹಾಕಬೇಕೋ ಎಂಬ ಸರ್ಕಾರಗಳ ಜಿಜ್ಞಾಸೆ ಅಲ್ಲಿಂದ ಶುರುವಾದದ್ದು ಇವತ್ತಿಗೂ ಮುಗಿದಿಲ್ಲ.

ಹತ್ತಿಯಿಂದ ಮಡಕೆಗೆ

ಮುಂಬಯಿಗೆ ಬಾಜಿ ಕಟ್ಟಲು ನೆಪ ಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಳೆ ಬರುತ್ತದೋ ಇಲ್ಲವೋ ಎಂಬುದರ ಮೇಲೂ ಇಲ್ಲಿ ಸಟ್ಟಾ ನಡೆಯುತ್ತಿತ್ತು. 1887ರಲ್ಲಿ ಬಾಂಬೆ ಪ್ರಾಂತ್ಯ ಜೂಜು ತಡೆ ಕಾಯ್ದೆ ತಂದಿತು. ಕುದುರೆ ರೇಸಿಗೆ ಮಾತ್ರ ಬೇರೆ ಪಂಕ್ತಿ. ಮಹಾಲಕ್ಷ್ಮಿಯ ರೇಸ್ ಕೋರ್ಸ್ 1883ರಿಂದ ಇದೆ. ಸಾಹೇಬರ ಜೂಜಿಗೆ ಹುಲ್ಲುಹಾಸು, ಕೂಲಿಯವನ ಜೂಜಿಗೆ ಲಾಕಪ್ಪು.

ಮುಂದೆ ಬಂದದ್ದು ‘ಆಂಕಡಾ’. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರಗಳು ಟೆಲಿಪ್ರಿಂಟರಿನಲ್ಲಿ ಇಲ್ಲಿಯ ಹತ್ತಿ ಪೇಟೆಗೆ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ದುಡ್ಡು ಹಾಕುತ್ತಿದ್ದರು. ಓಪನ್, ಕ್ಲೋಸ್ ಎಂಬ ಹೆಸರುಗಳ ಮೂಲ ಇದೇ. 1961ರಲ್ಲಿ ಆ ದರಗಳು ಬರುವುದು ನಿಂತುಹೋಯಿತು. ದರ ನಿಂತರೂ ಚಟ ನಿಲ್ಲಬೇಕಲ್ಲ! 1962ರಲ್ಲಿ ವರಳಿಯಲ್ಲಿ ಕಿರಾಣಿ ಅಂಗಡಿ ನೋಡಿಕೊಂಡಿದ್ದ, ಕಛ್ಛದಿಂದ ಬಂದ ಕಲ್ಯಾಣಜಿ ಭಗತ್ ತನ್ನದೇ ಅಂಕಿಗಳ ಆಟ ಶುರುಮಾಡಿದ. 1964ರಲ್ಲಿ ರತನ್ ಖತ್ರಿ ‘ನ್ಯೂ ವರಳಿ ಮಟ್ಕಾ’ ತೆರೆದ. ಮೊದಲು ಚೀಟಿಗಳನ್ನು ಮಡಕೆಯೊಳಗೆ ಹಾಕಿ ಎತ್ತುತ್ತಿದ್ದರಂತೆ, ಅದಕ್ಕೇ ಮಟ್ಕಾ. ಮುಂದೆ ಇಸ್ಪೀಟಿನ ಎಲೆ ಬಂದರೂ ಮಡಕೆಯ ಹೆಸರು ಉಳಿಯಿತು.

ಆಟ ಗೊತ್ತಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ಮೂರು ಎಲೆ ತೆಗೆಯುತ್ತಾರೆ. 2, 5, 8 ಬಂದರೆ ಒಟ್ಟು 15, ಕೊನೆಯ ಅಂಕಿ 5. ಇದು ಓಪನ್. ತಾಸುಗಳ ಮೇಲೆ ಮತ್ತೆ ಮೂರು ಎಲೆ: 1, 3, 4. ಒಟ್ಟು 8, ಇದು ಕ್ಲೋಸ್. ಎರಡೂ ಸೇರಿ 58, ಇದು ಜೋಡಿ. ಒಂದು ಅಂಕಿಗೆ ರೂಪಾಯಿ ಹಾಕಿ ಗೆದ್ದರೆ ಒಂಬತ್ತು ರೂಪಾಯಿ, ಜೋಡಿಗೆ ತೊಂಬತ್ತು.

ಈಗ ನಮ್ಮ ಬಿ.ಕಾಂ. ಲೆಕ್ಕ. ಅಂಕಿ ಇರುವುದು ಹತ್ತು, ಕೊಡುವುದು ಒಂಬತ್ತು. ಜೋಡಿ ಇರುವುದು ನೂರು, ಕೊಡುವುದು ತೊಂಬತ್ತು. ಅಂದರೆ ಆಡಿದ ನೂರರಲ್ಲಿ ಸರಾಸರಿ ಹತ್ತು ರೂಪಾಯಿ ಆಡಿಸುವವನಿಗೆ. ಹತ್ತೇ ತಾನೆ, ಅನ್ನಬೇಡಿ. ಗೃಹಸಾಲಕ್ಕೆ ನೂರಕ್ಕೆ ಎಂಟೊಂಬತ್ತು ಬಡ್ಡಿ ಅಂದರೆ ಅದು ಇಡೀ ವರ್ಷಕ್ಕೆ. ಇದು ಒಂದು ಸುತ್ತಿಗೆ. ಗೆದ್ದವನು ಮನೆಗೂ ಹೋಗುವುದಿಲ್ಲ, ಬಂದದ್ದನ್ನೇ ಮತ್ತೆ ಹಾಕುತ್ತಾನೆ. ನೂರು ರೂಪಾಯಿ ಏಳು ಸುತ್ತು ತಿರುಗಿದರೆ ಸರಾಸರಿಯಲ್ಲಿ ಉಳಿಯುವುದು 48ಕ್ಕೂ ಕಡಿಮೆ. ಇಪ್ಪತ್ತೆರಡು ಸುತ್ತಿಗೆ ಹತ್ತಕ್ಕಿಂತ ಕೆಳಗೆ. ಇದರಲ್ಲಿ ಮೋಸವೇ ಬೇಕಾಗಿಲ್ಲ. ಪ್ರಾಮಾಣಿಕವಾಗಿ ಆಡಿಸಿದರೂ ಮಡಕೆ ಎಲ್ಲವನ್ನೂ ನುಂಗುತ್ತದೆ.

ಆಣೆ, ಮಾಲೆ, ಊರು

ಲಾಲ್‌ಬಾಗ್, ಪರಳ್, ವರಳಿಯ ಗಿರಣಿಯವರು, ಹೋಟೆಲಿನ ಹುಡುಗರು, ಗೋದಿಯ ಕೂಲಿಗಳು ಈ ಮಡಕೆಯ ಮುಖ್ಯ ಗಿರಾಕಿಗಳು. ಒಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಗಂಡಸರು, ಹೆಂಡತಿ ಮಕ್ಕಳು ಊರಲ್ಲಿ. ಸಂಜೆ ಕಳೆಯಲು ನಾಕಾ, ನಾಕಾದಲ್ಲಿ ಪಾನ್ ಅಂಗಡಿ, ಅದರ ಪಕ್ಕದಲ್ಲಿ ಚೀಟಿ ಬರೆಯುವವನು. ಅವರು ಬಿಡಲು ಹಿಡಿದ ದಾರಿಗಳು ನಾನು ಹಿರಿಯರಿಂದ ಕೇಳಿದಂತೆ ಮುಖ್ಯವಾಗಿ ನಾಲ್ಕು.

ಮೊದಲನೆಯದು ಆಣೆ. ತಾಯಿಯ ಮೇಲೆ ಆಣೆ, ಮಗುವಿನ ತಲೆ ಮುಟ್ಟಿ ಆಣೆ, ಮನೆದೇವರ ಮೇಲೆ ಆಣೆ. ಇದು ಬೇಗ ಹುಟ್ಟಿ ಬೇಗ ಮುರಿಯುತ್ತಿತ್ತು. ಮುರಿದ ಮೇಲೆ ಇನ್ನೊಂದು ತೊಂದರೆ: ‘ಹೇಗೂ ಪಾಪಿಯಾದೆ, ಇನ್ನೇನು’ ಎಂದು ಎರಡರಷ್ಟು ಆಡುವುದು.

ಆಣೆಗಿಂತ ಗಟ್ಟಿಯಾದದ್ದು ಮಾಲೆ. ಮರಾಠಿ ಗಿರಣಿ ಕಾರ್ಮಿಕರು ಪಂಢರಪುರದ ತುಳಸಿಮಾಲೆ ಹಾಕಿಸಿಕೊಳ್ಳುತ್ತಿದ್ದರು. ಕಲಬುರಗಿ, ವಿಜಯಪುರ ಕಡೆಯ ನಮ್ಮವರಿಗೂ ವಿಠಲ ದೂರದವನಲ್ಲ. ದಕ್ಷಿಣದವರಲ್ಲಿ ಅಯ್ಯಪ್ಪ ಮಾಲೆ, ನಲವತ್ತೊಂದು ದಿನದ ವ್ರತ. ಕೊರಳಲ್ಲಿ ಮಾಲೆ ಇದ್ದವನನ್ನು ಹಳೆಯ ಗೆಳೆಯನೂ ‘ಬಾರೋ’ ಎಂದು ಕರೆಯುವುದಿಲ್ಲ, ಚೀಟಿ ಬರೆಯುವವನೂ ಮುಖ ತಿರುಗಿಸುತ್ತಾನೆ. ಆಣೆ ಒಬ್ಬನ ಮನಸ್ಸಿನಲ್ಲಿರುತ್ತದೆ, ಮಾಲೆ ನಾಲ್ಕು ಜನರ ಕಣ್ಣಲ್ಲಿರುತ್ತದೆ. ವ್ಯತ್ಯಾಸ ಅದು. ಆದರೆ ಅಯ್ಯಪ್ಪ ಮಾಲೆ ತೆಗೆಯುವ ದಿನ ಬರುತ್ತದೆ. ಜೀವನಪೂರ್ತಿ ಹಾಕಿಕೊಳ್ಳುವ ತುಳಸಿಮಾಲೆಯವರು ಹೆಚ್ಚು ಉಳಿದರು ಎಂದು ಹಿರಿಯರ ಅಂಬೋಣ. ಜೊತೆಗೆ ಅವರಿಗೆ ಭಜನೆಯ ಗುಂಪು, ಏಕಾದಶಿ, ವಾರಿ ಎಲ್ಲ ಸಿಗುತ್ತಿತ್ತು. ಬಿಟ್ಟ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿತ್ತು.

ಎರಡನೆಯದು ಊರಿಗೆ ಓಡುವುದು. ‘ಎರಡು ವರ್ಷ ಹೊಲದಾಗ ದುಡೀಲಿ, ತಾನಾಗೇ ಬಿಡ್ತಾನ’ ಎಂದು ಅಣ್ಣಂದಿರು ಬಂದು ಕರೆದೊಯ್ಯುತ್ತಿದ್ದರು. ಓಸಿ ಊರಿಗೆ ಹೋಗುವ ಮೊದಲು ಇದು ಕೆಲಸ ಮಾಡಿರಬೇಕು. ಓಸಿಯೇ ಊರು ಸೇರಿದ ಮೇಲೆ ಓಡುವುದೆಲ್ಲಿಗೆ?

ಪಗಾರ ಯಾರ ಕೈಗೆ?

ಮೂರನೆಯ ದಾರಿ ನನಗೆ ಬಹಳ ಹತ್ತಿರದ್ದು: ದುಡ್ಡನ್ನು ಇನ್ನೊಬ್ಬರ ಕೈಗೆ ಕೊಡುವುದು.

ಬಟವಾಡೆಯ ದಿನ ಗಿರಣಿ ಗೇಟಿನ ಹೊರಗೆ ಎರಡು ಸಾಲು ನಿಂತಿರುತ್ತಿತ್ತಂತೆ. ಬಡ್ಡಿ ವಸೂಲಿಗೆ ಬಂದ ಪಠಾಣರದ್ದು ಒಂದು, ಗಂಡ ನಾಕಾ ದಾಟುವ ಮೊದಲೇ ಪಗಾರ ಕೈಗೆ ತೆಗೆದುಕೊಳ್ಳಲು ಬಂದ ಹೆಂಗಸರದ್ದು ಇನ್ನೊಂದು. ಒಂಟಿಯಾಗಿದ್ದವರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಬಾಯಿಯೂ ತನ್ನ ಬಾಕಿಗಾಗಿ ಅಲ್ಲೇ. ಉಡುಪಿ ಹೋಟೆಲುಗಳಲ್ಲಿ ಬೇರೆ ಪದ್ಧತಿ. ಹುಡುಗರ ಸಂಬಳ ಧಣಿಗಳ ಹತ್ತಿರವೇ ಜಮಾ, ಊರಿಗೆ ಹೋಗುವಾಗ ಒಟ್ಟಿಗೆ ಕೈಗೆ. ಕೈಖರ್ಚಿಗೆ ಮಾತ್ರ ಚಿಲ್ಲರೆ. ಇದರಲ್ಲಿ ಶೋಷಣೆಗೆ ಅವಕಾಶವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೈಯಲ್ಲಿ ದುಡ್ಡಿಲ್ಲದ ಹುಡುಗ ಚೀಟಿ ಬರೆಸುವುದು ಕಷ್ಟ ಎಂಬುದೂ ನಿಜವೇ. ಅಲ್ಲೇ ಮುಂಗಡ ಎಂಬ ಹಿಂಬಾಗಿಲೂ ಇತ್ತು. ಧಣಿ ‘ಇಲ್ಲ ಮಾರಾಯ’ ಅಂದರೆ ಹುಡುಗ ಉಳಿದ, ‘ತಗೋ’ ಅಂದರೆ ಮುಳುಗಿದ.

ಇಲ್ಲಿ ಪಿಗ್ಮಿಯ ಮಾತು ಬಾರದೆ ಹೋಗುವುದಿಲ್ಲ. (ಬ್ಯಾಂಕಿನವನು ಡಿಪಾಜಿಟ್ ಕೇಳಲು ಶುರುಮಾಡಿದ ಎಂದು ಓಡಬೇಡಿ!) ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟನೇ ಬಾಗಿಲಿಗೆ ಬರುತ್ತಾನೆ. ಟಿ.ಎಂ.ಎ. ಪೈಯವರಿಗೆ ನೇಕಾರರ, ಸಣ್ಣ ಅಂಗಡಿಯವರ ಕಷ್ಟ ಗೊತ್ತಿತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ನಾನು ಹೇಳಹೊರಟದ್ದು ಇದು: ಪಿಗ್ಮಿ ಮತ್ತು ಮಟ್ಕಾ ಬೆನ್ನು ಹತ್ತಿದ್ದು ಒಂದೇ ದುಡ್ಡನ್ನು. ದಿನಗೂಲಿಯವನ ಜೇಬಿನಲ್ಲಿ ಸಂಜೆ ಉಳಿಯುವ ಚಿಲ್ಲರೆ. ಇಬ್ಬರೂ ದಿನಾ ಬರುತ್ತಾರೆ, ಇಬ್ಬರೂ ಸಣ್ಣ ಮೊತ್ತವನ್ನು ತುಚ್ಛವಾಗಿ ಕಾಣುವುದಿಲ್ಲ, ಇಬ್ಬರೂ ಚೀಟಿ ಬರೆಯುತ್ತಾರೆ. ಒಬ್ಬನು ನಾಳೆಯೇ ತೊಂಬತ್ತು ಪಟ್ಟು ಅನ್ನುತ್ತಾನೆ, ಇನ್ನೊಬ್ಬನು ವರ್ಷಗಳ ಮೇಲೆ ನಿನ್ನದೇ ದುಡ್ಡು, ಸ್ವಲ್ಪ ಬಡ್ಡಿ ಅನ್ನುತ್ತಾನೆ. ಯಾರು ಮೊದಲು ಬಾಗಿಲು ತಟ್ಟುತ್ತಾರೆ ಎಂಬುದರ ಮೇಲೆ ಎಷ್ಟೋ ಮನೆಗಳ ಹಣೆಬರಹ ನಿಂತಿತ್ತು.

ನಾಲ್ಕನೆಯದು ಹೊತ್ತು ತುಂಬುವುದು. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳನ್ನು ನಾವು ಅಕ್ಷರ ಕೊಟ್ಟವೆಂದು ಹೊಗಳುತ್ತೇವೆ. ಅವು ಇನ್ನೊಂದು ಉಪಕಾರವನ್ನೂ ಮಾಡಿವೆ. ಹಗಲು ಪ್ಲೇಟು ತೊಳೆದ ಹುಡುಗನ ಸಂಜೆಯ ತಾಸುಗಳನ್ನು, ಅಂದರೆ ನಾಕಾದಲ್ಲಿ ಅಂಕಿಯ ಮಾತು ಕಾವೇರುವ ಹೊತ್ತನ್ನೇ, ಬೆಂಚಿನ ಮೇಲೆ ಕಟ್ಟಿಹಾಕಿದವು. ಜಾತಿ ಸಂಘಗಳ ಶನಿಪೂಜೆ, ಭಜನೆ, ತಾಳಮದ್ದಲೆಗಳೂ ಅಷ್ಟೇ. ಜೂಜು ಬಿಡಿಸುತ್ತೇವೆ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೂ ಎಷ್ಟೋ ಜನ ಬಿಟ್ಟರು.

ಸರ್ಕಾರ ಬಿಡಿಸಿದ್ದು, ಹಿಡಿಸಿದ್ದು

ತುರ್ತು ಪರಿಸ್ಥಿತಿಯಲ್ಲಿ ರತನ್ ಖತ್ರಿ ಹತ್ತೊಂಬತ್ತು ತಿಂಗಳು ಜೈಲಿನಲ್ಲಿದ್ದ. ಹೊರಬಂದ ಮೇಲೆ ಆಟ ಮತ್ತೆ ನಡೆಯಿತು. (ಖತ್ರಿ ತೀರಿಕೊಂಡದ್ದು 2020ರ ಮೇ ತಿಂಗಳಲ್ಲಿ.) 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದರು. ಪಗಾರ ನಿಂತ ಮೇಲೆ ಮಟ್ಕಾ ನಿಂತಿರಬೇಕು ಅಂದುಕೊಳ್ಳುತ್ತೀರಾ? ಕೆಲಸವಿಲ್ಲದ ದಿನ ಬಹಳ ಉದ್ದ. ದುಡಿದು ಮೇಲೇಳುವ ದಾರಿ ಮುಚ್ಚಿದಾಗ ಅಂಕಿಯೊಂದೇ ಬಾಗಿಲಾಗಿ ಕಾಣುತ್ತದೆ. ಪಾತ್ರೆ ಪಗಡೆ, ತಾಳಿ ಗಿರವಿ ಇಟ್ಟು ಆಡಿದವರ ಕಥೆಗಳು ಆ ಕಾಲದ್ದೇ ಹೆಚ್ಚು. 1990ರ ದಶಕದಲ್ಲಿ ಪೊಲೀಸರ ದಾಳಿ ಬಿಗಿಯಾಗಿ ಮಟ್ಕಾ ಇಳಿಯಿತು. ಬುಕ್ಕಿಗಳು ಕ್ರಿಕೆಟ್ಟಿಗೆ ಹಾರಿದರು. ಗಿರಾಕಿಗಳೂ ಹಿಂದೆ ಹಾರಿದರು.

ಇತ್ತ ಸರ್ಕಾರಗಳೇ ಅಂಗಡಿ ತೆರೆದವು. ಕೇರಳ 1967ರಲ್ಲಿ, ಮಹಾರಾಷ್ಟ್ರ 1969ರಲ್ಲಿ ಲಾಟರಿ ಶುರುಮಾಡಿದವು. ದಿನದಿನವೂ ಒಂದಂಕಿಯ ಲಾಟರಿಗಳು ಬಂದಾಗ ಅದು ರಶೀದಿ ಇರುವ ಮಟ್ಕಾ ಆಯಿತಷ್ಟೆ. 1998ರ ಕೇಂದ್ರ ಲಾಟರಿ ಕಾಯ್ದೆ ಒಂದಂಕಿಯ ಮೇಲೆ ಬಹುಮಾನ ಕೊಡಬಾರದು ಎಂದು ಬರೆಯಬೇಕಾಗಿ ಬಂತು. 2000ದ ನಂತರ ಆನ್‌ಲೈನ್ ಲಾಟರಿ. ಆಗ ನಮ್ಮ ಕಾಂದಿವಲಿ ಸ್ಟೇಷನ್ನಿನ ಪಶ್ಚಿಮಕ್ಕೂ ಗೋಡೆ ತುಂಬ ಟಿವಿ ಹಾಕಿದ ಅಂಗಡಿಗಳು. ಆಫೀಸಿನಿಂದ ಇಳಿದವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಅಂಕಿ ನೋಡುತ್ತ ನಿಂತಿರುತ್ತಿದ್ದರು. ಕರ್ನಾಟಕ 2007ರ ಏಪ್ರಿಲ್ 1ರಿಂದ ಎಲ್ಲ ಲಾಟರಿಗಳನ್ನೂ ನಿಲ್ಲಿಸಿತು. ದಾರಿಯಲ್ಲಿ ಅಂಗಡಿ ಇಲ್ಲದಿದ್ದರೆ ಎಷ್ಟೋ ಜನ ಆಡುವುದಿಲ್ಲ, ಇದು ನಿಜ. ಆಗಲೇ ಚಟ ಅಂಟಿದವನು ಗಡಿ ದಾಟಿಯಾದರೂ ಹುಡುಕುತ್ತಾನೆ, ಇದೂ ನಿಜ.

ಲಾಸ್ ಏಂಜಲೀಸಿನ ಇಬ್ಬರು

1957ರ ಆರಂಭದಲ್ಲಿ ಅಮೆರಿಕದಲ್ಲಿ ಇಬ್ಬರು ಜೂಜುಕೋರರು ಭೇಟಿಯಾದರು. ನಿತ್ಯ ಮಾತಾಡಿಕೊಳ್ಳುತ್ತಿದ್ದಷ್ಟು ದಿನ ಇಬ್ಬರೂ ಆಡಲಿಲ್ಲ. ಇದನ್ನು ಗಮನಿಸಿ ಅದೇ ವರ್ಷ ಸೆಪ್ಟೆಂಬರ್ 13ರಂದು ಲಾಸ್ ಏಂಜಲೀಸಿನಲ್ಲಿ ಗ್ಯಾಂಬ್ಲರ್ಸ್ ಅನಾನಿಮಸ್‌ನ ಮೊದಲ ಸಭೆ ನಡೆಸಿದರು. ಕುಡುಕರ ಸಂಘದ ಹನ್ನೆರಡು ಮೆಟ್ಟಿಲುಗಳೇ ಇಲ್ಲಿಯೂ. ಇಪ್ಪತ್ತು ಪ್ರಶ್ನೆಗಳಿವೆ, ಏಳಕ್ಕಾದರೂ ‘ಹೌದು’ ಅಂದರೆ ನಿಮಗೆ ಚಟ ಅಂಟಿರಬಹುದು ಎಂದರ್ಥ. ನಮ್ಮ ಭಜನೆ ಗುಂಪಿನ ಮಾಲೆಗೂ ಇದಕ್ಕೂ ಬುಡದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ವಿಠಲನಿದ್ದಾನೆ, ಇಲ್ಲಿ ಇವತ್ತೊಂದು ದಿನ ಆಡುವುದಿಲ್ಲ ಎಂಬ ಮಾತಿದೆ. ಎರಡೂ ಕಡೆ ಸುತ್ತ ನಾಲ್ಕು ಜನ.

ಬ್ಯಾಂಕಿನವನಾಗಿ ನಾನು ಮೆಚ್ಚಿದ್ದು ಅವರ ಸಾಲದ ನಿಯಮ. ಹೊಸಬನೂ ಅವನ ಹೆಂಡತಿಯೂ ಹಳೆಯ ಸದಸ್ಯರ ಜೊತೆ ಕೂತು ಪ್ರತಿಯೊಂದು ಸಾಲವನ್ನೂ ಬರೆಯುತ್ತಾರೆ. ಮುಚ್ಚಿಟ್ಟದ್ದು ಒಂದೂ ಉಳಿಯಬಾರದು. ಮನೆಖರ್ಚು ಕಳೆದು ಉಳಿದದ್ದನ್ನು ಎಲ್ಲ ಸಾಲಗಾರರಿಗೂ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ಮಾವನೋ ಅಣ್ಣನೋ ಒಂದೇ ಏಟಿಗೆ ಎಲ್ಲವನ್ನೂ ತೀರಿಸಿಬಿಡುವುದು ಬೇಡ ಅನ್ನುತ್ತಾರೆ. ಧೃತರಾಷ್ಟ್ರನ ವರ ನೆನಪಾಯಿತೇ?

ವೈದ್ಯರು ಒಪ್ಪಲು ತಡವಾಯಿತು. 1972ರಲ್ಲಿ ರಾಬರ್ಟ್ ಕಸ್ಟರ್ ಎಂಬ ಮನೋವೈದ್ಯರು ಅಮೆರಿಕದ ಒಹಾಯೋದ ಆಸ್ಪತ್ರೆಯೊಂದರಲ್ಲಿ ಜೂಜುಕೋರರನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಲು ಶುರುಮಾಡಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ರೋಗವಾಗಿ ಸೇರಿತು. 2013ರಲ್ಲಿ ಇದನ್ನು ಕುಡಿತ, ಮಾದಕವಸ್ತುಗಳ ಪಂಕ್ತಿಗೇ ಸೇರಿಸಿದರು. ಸೋತ ಮರುದಿನ ಸೋತದ್ದನ್ನು ವಾಪಸು ಗೆಲ್ಲಲು ಹೋಗುವುದು ಅದರ ಮುಖ್ಯ ಲಕ್ಷಣಗಳಲ್ಲೊಂದು. ಚಿಕಿತ್ಸೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾತಿನ ಚಿಕಿತ್ಸೆ. ‘ಇಷ್ಟು ಸಲ ಬಂದಿಲ್ಲ, ಈಗ ಬಂದೇ ಬರುತ್ತದೆ’ ಎಂಬಂಥ ತಪ್ಪು ಲೆಕ್ಕಗಳನ್ನು ಬಿಡಿಸುವುದು, ಎಳೆಯುವ ಹೊತ್ತು ಮತ್ತು ಜಾಗಗಳನ್ನು ಗುರುತಿಸಿ ಬೇರೆ ದಾರಿ ಹಾಕಿಕೊಡುವುದು.

ಸಿಂಗಾಪುರದಲ್ಲಿ 2010ರಲ್ಲಿ ಕ್ಯಾಸಿನೊಗಳು ತೆರೆದಾಗ ಒಂದು ಒಳ್ಳೆಯ ಏರ್ಪಾಡು ಮಾಡಿದರು. ‘ನನ್ನನ್ನು ಒಳಗೆ ಬಿಡಬೇಡಿ’ ಎಂದು ವ್ಯಕ್ತಿಯೇ ಹೆಸರು ಬರೆಸಬಹುದು, ಮನೆಯವರೂ ಅರ್ಜಿ ಹಾಕಬಹುದು. ಬ್ರಿಟನ್ 2020ರ ಏಪ್ರಿಲಿನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನೇ ನಿಷೇಧಿಸಿತು.

ನಾಕಾ ಜೇಬಿಗೆ ಬಂದಾಗ

ಮಟ್ಕಾಕ್ಕೆ ದಿನಕ್ಕೆ ಎರಡು ಹೊತ್ತು, ಒಂದು ಜಾಗ, ಒಬ್ಬ ಮನುಷ್ಯ ಬೇಕಿತ್ತು. ಮೊಬೈಲಿಗೆ ಯಾವುದೂ ಬೇಡ. ಚಾರ್ಕೋಪಿನ ಚಾಳಿನಲ್ಲಾಗಲಿ, ಠಾಕೂರ್ ವಿಲೇಜಿನ ಇಪ್ಪತ್ತನೆಯ ಮಹಡಿಯಲ್ಲಾಗಲಿ, ಹೊದಿಕೆಯೊಳಗೇ ನಾಕಾ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಬ್ಯಾಂಕುಗಳು ಅಂಥ ಪಾವತಿ ನಡೆಸಿಕೊಡಬಾರದು ಎಂದೂ ಇದೆ. ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಕಳ್ಳ ಆ್ಯಪುಗಳ ಕಾಟ ಮಾತ್ರ ಬಾಕಿ.

ಕೆಲವು ವರ್ಷಗಳ ಹಿಂದೆ ಕುಂದಾಪುರ ಕಡೆಯ ಹೆಂಗಸೊಬ್ಬರು ನನ್ನ ಮೇಜಿನ ಎದುರು ಬಂದು ನಿಂತರು. “ಸರ್, ಇವ್ರ ಖಾತೆ ಒಂದು ಬಂದ್ ಮಾಡಿ ಕೊಡಿ. ಮೊಬೈಲಲ್ಲಿ ಎಲ್ಲಾ ಹೋಯ್ತ್” ಅಂದರು. ಹೆಂಡತಿ ಹೇಳಿದಳೆಂದು ಗಂಡನ ಖಾತೆ ಮುಚ್ಚಲು ಬ್ಯಾಂಕಿಗೆ ಬರುವುದಿಲ್ಲ. “ಅಕ್ಕಾ, ನಾನು ಮಾಡೋ ಹಾಗಿಲ್ಲ. ಆದರೆ ಅವರೇ ಬಂದು ಕೇಳಿದರೆ ಮಾಡಬಹುದಾದ್ದು ಬಹಳ ಇದೆ, ಕರಕೊಂಡು ಬನ್ನಿ” ಅಂದೆ. ಮೂರನೆಯ ವಾರ ಬಂದರು, ಜೊತೆಗೆ ಅವರೂ. ತಲೆ ಎತ್ತಲಿಲ್ಲ. ಅರ್ಜಿ ಬರೆದದ್ದು ಮಾತ್ರ ಅವರೇ.

ಏನು ಮಾಡಿದೆವು? ಹಳೆಯ ಗಿರಣಿ ಗೇಟಿನ ಪದ್ಧತಿಯನ್ನೇ ಹೊಸ ಕಾಗದದಲ್ಲಿ. ಸಂಬಳ ಬರುವ ಖಾತೆಯಿಂದ ಮನೆ ಬಾಡಿಗೆ, ಮಕ್ಕಳ ಫೀಸು, ಆರ್.ಡಿ. ಎಲ್ಲ ಸಂಬಳದ ಮರುದಿನವೇ ತಾನಾಗಿ ಕಳೆಯುವಂತೆ ಸೂಚನೆ. ಉಳಿದದ್ದು ಇಬ್ಬರೂ ಸಹಿ ಹಾಕಿದರೆ ಮಾತ್ರ ತೆಗೆಯಬಹುದಾದ ಜಂಟಿ ಖಾತೆಗೆ. ಯುಪಿಐ ತೆಗೆಸಿದರು. ಕ್ರೆಡಿಟ್ ಕಾರ್ಡು ಒಪ್ಪಿಸಿದರು. ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಾವೇ ಆಫ್ ಮಾಡಿಕೊಳ್ಳುವ, ಮಿತಿ ಹಾಕಿಕೊಳ್ಳುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕು 2020ರಿಂದ ಕಡ್ಡಾಯ ಮಾಡಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಅವರ ಅಣ್ಣ ಊರಿನ ಜಾಗ ಮಾರಿ ಎಲ್ಲ ಸಾಲ ತೀರಿಸಲು ಸಿದ್ಧರಿದ್ದರು. ಜಾಗ ಇರಲಿ, ತಿಂಗಳು ತಿಂಗಳು ಅವರೇ ಕಟ್ಟಲಿ ಎಂದು ಎಲ್ಲರೂ ಕೂತು ತೀರ್ಮಾನಿಸಿದರು. ನಡುವೆ ಎರಡು ಸಲ ಜಾರಿದರು. ಆದರೆ ಜಾರಿದಾಗ ಕೈಗೆ ಸಿಕ್ಕಿದ್ದು ಐನೂರು ರೂಪಾಯಿ, ಐವತ್ತು ಸಾವಿರವಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಉಪಾಯದ ಬೆಲೆ ಅಷ್ಟೇ. ಅದೇ ದೊಡ್ಡದು.

ದುಡ್ಡಿಗೆ ಬೀಗ ಹಾಕಿದರೆ ಮನಸ್ಸಿಗೆ ಹಾಕಿದಂತಾಗಲಿಲ್ಲ. ಅದಕ್ಕೆ ಬೇರೆಯವರು ಬೇಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮೊಬೈಲು, ಇಂಟರ್ನೆಟ್ಟಿನ ಗೀಳಿಗೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ಕಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ಇದೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಸೋತವನು ಸುಮ್ಮನೆ ಕೂತುಬಿಟ್ಟರೆ, ‘ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ’ ಎಂಬಂಥ ಮಾತು ಬಂದರೆ, ಬಯ್ಗುಳ ಬದಿಗಿಟ್ಟು ಅವನ ಜೊತೆ ಕೂತು ಆ ನಂಬರಿಗೆ ಮಾಡಿ. ಸಾಲ ವರ್ಷಗಳ ಮೇಲೆ ತೀರುತ್ತದೆ, ಹೋದ ಮನುಷ್ಯ ಬರುವುದಿಲ್ಲ.

ಅಕ್ಷಸೂಕ್ತದಿಂದ ಯುಪಿಐವರೆಗೆ ಇಷ್ಟೆಲ್ಲ ಸುತ್ತಿ ಬಂದರೆ ಕೊನೆಗೆ ಸಿಗುವುದು ಹೊಸದೇನಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶ ಒಂದರಿಂದಲೇ ಬಿಟ್ಟವರು ಕಡಿಮೆ. ದುಡ್ಡು ಕೈಯಿಂದ ಸ್ವಲ್ಪ ದೂರ, ಸಂಜೆಗೆ ಬೇರೆ ಕೆಲಸ, ಸುತ್ತ ನಾಲ್ಕು ಜನ, ಜಾರಿದಾಗ ಬಾಗಿಲು ಮುಚ್ಚದ ಮನೆ: ಬಿಟ್ಟವರಲ್ಲಿ ಹೆಚ್ಚಿನವರಿಗೆ ಇವು ಇದ್ದವು. ಇದೆಲ್ಲ ಊರು ಬಿಟ್ಟು ಬಂದ ನಮಗೆ ತಾನಾಗಿ ಸಿಗುವುದಿಲ್ಲ, ಕಟ್ಟಿಕೊಳ್ಳಬೇಕು. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಸನ್ಮಾನ, ಶಾಲು, ಹಾರ ಮಾಡುತ್ತವಲ್ಲ, ಅದರ ಜೊತೆಗೆ ತಿಂಗಳಿಗೊಂದು ಭಾನುವಾರ ಇಂಥ ಮನೆಗಳವರು ಸಂಕೋಚವಿಲ್ಲದೆ ಬಂದು ಕೂರಲು ಒಂದು ಕೋಣೆ, ಎರಡು ಚಾಪೆ ಕೊಟ್ಟರೆ ಸಾಕು. ಚಹಾದ ಖರ್ಚು ನಮ್ಮಂಥವರು ಕೊಡೋಣ. ಏನಂತೀರಿ?